ಫೈಲಕ್ಕನ ಹದಿನಾಲ್ಕನೇ ದಾಖಲೆ

ಬೆಳಿಗ್ಗೆ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಫೈಲಕ್ಕ ನಕಲು ಯಂತ್ರದ ಮುಚ್ಚಳ ಎತ್ತಿ ಅದರ ಗಾಜು ಒರೆಸುತ್ತಾಳೆ. ಗಂಡನ ಹಳೆಯ ಬನಿಯನ್ನಿನಿಂದ ಕತ್ತರಿಸಿದ ಅಂಗೈಯಗಲದ ಬಟ್ಟೆ. ಅದಕ್ಕೆ ಬೇರೆ ಕೆಲಸವಿಲ್ಲ. ಮೊದಲು ಹಾ ಎಂದು ಉಸಿರು ಬಿಡುವುದು, ಆಮೇಲೆ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಕೊನೆಗೆ ನಾಲ್ಕು ಮೂಲೆ. ಒರೆಸುವಾಗ ತುಟಿ ಸಣ್ಣಗೆ ಅಲುಗುತ್ತದೆ. ನೋಡಿದವರು ಏನೋ ಲೆಕ್ಕ ಹಾಕುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ಅಂದು ಯಾರ ಯಾರ ಕಾಗದ ಆ ಗಾಜಿನ ಮೇಲೆ ಮಲಗಬೇಕೋ ಅವರ ಹೆಸರುಗಳನ್ನು ಅವಳು ದೇವರಿಗೆ ಒಪ್ಪಿಸುತ್ತಿರುತ್ತಾಳೆ. ಜ್ವರ ಬಂದ ದಿನ ಕೂಡ ಬಂದು, ಗಾಜು ಒರೆಸಿ, ರಜೆ ಚೀಟಿ ಬರೆದಿಟ್ಟು ಹೋದವಳು ಅವಳು.

ಒರೆಸದೆ ಬಿಟ್ಟದ್ದು ಒಂದೇ ಒಂದು ದಿನ, ಒಂಬತ್ತು ವರ್ಷದ ಹಿಂದೆ. ಹಿಂದಿನ ಸಂಜೆ ಅಧ್ಯಕ್ಷರ ಹುಟ್ಟುಹಬ್ಬವಿತ್ತು. ಬೇರೆ ಮೇಜು ಸಿಗದೆ ಯಂತ್ರದ ಮೇಲೆಯೇ ಕೇಕು ಕತ್ತರಿಸಿದ್ದರು. ಸಾಸಿವೆ ಕಾಳಿನಷ್ಟು ಚಾಕೊಲೇಟು ಹೇಗೋ ಒಳಗೆ ಹೋಗಿ ಗಾಜಿಗೆ ಅಂಟಿಕೊಂಡಿತು. ಮಾರನೆಯ ದಿನ ಎಂಜಲು ತಟ್ಟೆ ಎತ್ತುವಷ್ಟರಲ್ಲೇ ಒಂಬತ್ತಾಯಿತು; ಒಬ್ಬ ಹುಡುಗನ ಅಂಕಪಟ್ಟಿಯ ಪ್ರತಿಯಲ್ಲಿ ಮೊಹರಿನ ಪಕ್ಕ ಕಪ್ಪು ಚುಕ್ಕೆಯೊಂದು ಮೂಡಿತು. ಹೊರದೇಶದ ವಿಶ್ವವಿದ್ಯಾಲಯ ‘ತಿದ್ದಿದ ದಾಖಲೆ’ ಎಂದು ಷರಾ ಬರೆದು ವಾಪಸು ಕಳಿಸಿತು. ಹುಡುಗನ ಒಂದು ವರ್ಷ ಮಣ್ಣುಪಾಲಾಯಿತು. ಸಮಿತಿ ವಿಚಾರಣೆ ನಡೆಸಿ, ತಪ್ಪು ಯಾರದೂ ಅಲ್ಲವೆಂದು ನಾಲ್ಕು ಪುಟಗಳಲ್ಲಿ ಬರೆದು, ಅದಕ್ಕೆ ಆ ಅಂಕಪಟ್ಟಿಯನ್ನೂ ಲಗತ್ತಿಸಿ ಮೂರು ಪ್ರತಿ ತೆಗೆಸಿತು. ಮೂರರಲ್ಲೂ ಆ ಚುಕ್ಕೆ ಇತ್ತು.

ಸಮಿತಿ ಎಂದರೆ, ಯುದ್ಧದಿಂದಲೋ ಗಲಭೆಯಿಂದಲೋ ಊರು ಬಿಟ್ಟು ಬಂದ ವಿದ್ಯಾರ್ಥಿಗಳನ್ನೂ ಸಂಶೋಧಕರನ್ನೂ ಹೊರದೇಶದ ವಿಶ್ವವಿದ್ಯಾಲಯಗಳಿಗೆ ಸೇರಿಸುವ ನೆರವು ಸಮಿತಿ. ಎರಡು ಮಹಡಿಯ ಕಟ್ಟಡ, ಮುಂದೆ ಹಸಿರು ಬಣ್ಣದ ಕಬ್ಬಿಣದ ಗೇಟು, ಒಳಗೆ ಉದ್ದನೆಯ ಒಂದು ಬೆಂಚು. ದೇವರ ಹತ್ತಿರ ಬರಿಗೈಯಲ್ಲಿ ಹೋಗಬಹುದು. ಈ ಗೇಟಿನೊಳಗೆ ಬರುವವರಿಗೆ ಪ್ರತಿಯೊಂದರದೂ ಮೂರು ಪ್ರತಿ ಬೇಕು. ಉಟ್ಟ ಬಟ್ಟೆಯಲ್ಲಿ ಓಡಿ ಬಂದವರನ್ನು ಇಲ್ಲಿ ಮೊದಲು ಕೇಳುವುದು, “ಒರಿಜಿನಲ್ ತಂದಿದ್ದೀರಾ?” ಎಂದು.

ಫೈಲಕ್ಕನಿಗೆ ಐವತ್ತೆರಡು ವರ್ಷ. ಹೈಸ್ಕೂಲು ಮುಗಿಸಿ ಟೈಪಿಂಗ್ ಕಲಿತು ಇಲ್ಲಿಗೆ ಸೇರಿದವಳು ಉಳಿದದ್ದನ್ನೆಲ್ಲ ಅರ್ಜಿಗಳನ್ನು ಓದಿ ಓದಿ ತಾನೇ ಕಲಿತುಕೊಂಡಳು. ಯಾವ ದೇಶದಲ್ಲಿ ಚಳಿಗಾಲದ ರಜೆ ಎಂದು ಶುರುವಾಗುತ್ತದೆ, ಯಾವ ವಿಶ್ವವಿದ್ಯಾಲಯ ಹುಟ್ಟಿದ ದಿನಾಂಕದಲ್ಲಿ ತಿಂಗಳನ್ನು ಮೊದಲು ಕೇಳುತ್ತದೆ, ಎಲ್ಲ ನಾಲಿಗೆಯ ತುದಿಯಲ್ಲಿದೆ. ವಿಮಾನವನ್ನು ಮಾತ್ರ ಅವಳು ನೋಡಿದ್ದು ತಾರಸಿಯಲ್ಲಿ ಬಟ್ಟೆ ಒಣಹಾಕುವಾಗ. ನೂರಾ ಎಂಬತ್ತಾರು ಜನ ಅವಳ ಕೈಯಿಂದ ದಾಟಿ ಹೋಗಿದ್ದಾರೆ. ಫೈಲಕ್ಕ ಎಂಬ ಹೆಸರನ್ನು ಇಟ್ಟವರು ಬೆಂಚಿನ ಮೇಲೆ ಕೂತವರೇ.

ಮನೆಯಲ್ಲಿ ಈ ಪುಣ್ಯಕಾರ್ಯಕ್ಕೆ ಅಂಥ ಮರ್ಯಾದೆ ಇರಲಿಲ್ಲ.

“ಲೋಕದವರನ್ನೆಲ್ಲ ವಿಮಾನ ಹತ್ತಿಸ್ತಾಳೆ ಇವಳು,” ಎನ್ನುತ್ತಿದ್ದರು ಅತ್ತೆ, ಎದುರಿಗೇ ಕೂತಿದ್ದರೂ ಗೋಡೆಗೆ ಹೇಳುವ ಹಾಗೆ. “ನನ್ನನ್ನ ಕಣ್ಣಿನ ಡಾಕ್ಟರ ಹತ್ರ ಹೋಗೋ ಬಸ್ಸು ಹತ್ತಿಸೋಕೆ ಮಾತ್ರ ಪುರುಸೊತ್ತಿಲ್ಲ. ನಾನೂ ಒಂದು ಅರ್ಜಿ ಹಾಕ್ಲಾ?”

“ಹಾಕಿ ಅತ್ತೆ. ಮೂರು ಪ್ರತಿ.”

ಗಂಡ ಲಿಫ್ಟು ರಿಪೇರಿ ಮಾಡುವವನು. ಅವನ ಮಾತೂ ಲಿಫ್ಟಿನ ಹಾಗೆ. ಗುಂಡಿ ಒತ್ತಿದರೆ ಬರುತ್ತದೆ, ಇಲ್ಲದಿದ್ದರೆ ಇದ್ದಲ್ಲೇ ಇರುತ್ತದೆ. ಮನೆಯಲ್ಲಿ ನಿಜವಾಗಿ ಚುಚ್ಚುತ್ತಿದ್ದವಳು ಮಗಳು. ರಸಾಯನಶಾಸ್ತ್ರದಲ್ಲಿ ಡಿಗ್ರಿ ಮುಗಿಸಿ ಒಂದು ವರ್ಷವಾಗಿತ್ತು. ಹೊರದೇಶದಲ್ಲಿ ಓದಬೇಕೆಂಬ ಆಸೆ ಅವಳಿಗೆ ಹುಟ್ಟಿದ್ದೇ ಅಮ್ಮ ಮನೆಗೆ ತಂದು ಓದುತ್ತಿದ್ದ ಬಣ್ಣಬಣ್ಣದ ಪುಸ್ತಿಕೆಗಳಿಂದ.

“ಅಮ್ಮಾ, ನಿನ್ನ ಕಣ್ಣಿಗೆ ನಾನು ಬೀಳಬೇಕು ಅಂದ್ರೆ ಮೊದಲು ನಮ್ಮನೆ ಬೀಳಬೇಕಾ?” ಎಂದಿದ್ದಳು ಒಂದು ದಿನ. ಫೈಲಕ್ಕ ನಕ್ಕುಬಿಟ್ಟಿದ್ದಳು. ಆಮೇಲೆ ಪಾತ್ರೆ ತೊಳೆಯುವಾಗ ಒಂದೇ ತಟ್ಟೆಯನ್ನು ಮೂರು ಸಲ ಉಜ್ಜಿದಳು.

ಆ ವರ್ಷ ಸಮಿತಿಯಲ್ಲಿ ಎರಡು ಬದಲಾವಣೆಗಳಾದವು. ಮೊದಲನೆಯದು, ಹಿಂಭಾಗದಲ್ಲಿದ್ದ ಹಳೆಯ ದಾಖಲೆ ಕೋಣೆಯನ್ನು ಕೆಡವಿದರು. ಆ ಜಾಗದಲ್ಲಿ ಅಧ್ಯಕ್ಷರ ಆಸೆಯ ಸಭಾಂಗಣ ಬರಬೇಕಿತ್ತು. ನಿರಾಶ್ರಿತರ ಕಷ್ಟ ಜನರಿಗೆ ತಿಳಿಯಬೇಕಾದರೆ ಅದನ್ನು ಕೂತು ಕೇಳಲು ಮೆತ್ತನೆಯ ಕುರ್ಚಿಗಳು ಬೇಕು ಎಂಬುದು ಅವರ ವಾದ. ಕೋಣೆ ಉರುಳಿದ ಮೇಲೆ ಫೈಲುಗಳೆಲ್ಲ ಕಾರಿಡಾರಿಗೆ ಬಂದವು. ಫೈಲಕ್ಕನ ಮೇಜು ಮೆಟ್ಟಿಲಿನ ಕೆಳಗೆ ಹೋಯಿತು. ಮೇಲಿನಿಂದ ಯಾರಾದರೂ ಇಳಿದರೆ ಅವಳ ತಲೆಯ ಮೇಲೆ ಧೂಳು ಬೀಳುತ್ತಿತ್ತು. ಅಧ್ಯಕ್ಷರು ಇಳಿದರೆ ಸ್ವಲ್ಪ ಹೆಚ್ಚು.

ಎರಡನೆಯದು ಹದಿನಾಲ್ಕನೇ ದಾಖಲೆ. ಅಲ್ಲಿಯವರೆಗೆ ಪ್ರತಿ ಅರ್ಜಿಗೂ ಹದಿಮೂರು ದಾಖಲೆ ಸಾಕಾಗಿತ್ತು. ಆದರೆ ವಾರ್ಷಿಕ ಪುಸ್ತಿಕೆ ವಿನ್ಯಾಸ ಮಾಡಿದವನು ಪ್ರತಿ ಪುಟದಲ್ಲೂ ಎರಡು ಚೌಕ ಬಿಟ್ಟಿದ್ದ. ಬಲಗಡೆಯದಕ್ಕೆ ‘ಇಂದು’ ಎಂದು ಹೆಸರು: ಅಭ್ಯರ್ಥಿ ಹೊರದೇಶದ ವಿಶ್ವವಿದ್ಯಾಲಯದ ಗೇಟಿನ ಮುಂದೆ ನಗುತ್ತ ನಿಂತ ಚಿತ್ರ. ಅವು ಬೇಕಾದಷ್ಟಿದ್ದವು. ಎಡಗಡೆಯದು ‘ಅಂದು’. ಅದು ಖಾಲಿ. ಅಧ್ಯಕ್ಷರು ಖಾಲಿ ಚೌಕಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. ಕಾರ್ಯದರ್ಶಿ ಮರುದಿನವೇ ಪಟ್ಟಿಗೆ ಒಂದು ಸಾಲು ಸೇರಿಸಿದರು: ‘14. ಕುಸಿದ ಕಟ್ಟಡದ ಮುಂದೆ ಅಭ್ಯರ್ಥಿಯು ನಿಂತಿರುವ ಬಣ್ಣದ ಫೋಟೊ. ಮೂರು ಪ್ರತಿ. ಮುಖ ಸ್ಪಷ್ಟವಾಗಿರಬೇಕು.’

ಕಾರ್ಯದರ್ಶಿ ಕೆಟ್ಟ ಮನುಷ್ಯರಲ್ಲ. ಪಟ್ಟಿಯಲ್ಲಿ ಇರುವುದೆಲ್ಲ ಇರಬೇಕು, ಅಷ್ಟೇ ಅವರ ಧರ್ಮ. ಬೆಂಚಿನವರು ಅವರಿಗೆ ಇಟ್ಟ ಹೆಸರು ‘ಟಿಕ್ಕು’. ಬಾಂಬು ಬಿದ್ದಾಗ ಓಡಿ ಹೋಗುವವರು ನಿಂತು ಫೋಟೊ ತೆಗೆಸಿಕೊಳ್ಳುವುದಿಲ್ಲ ಎಂದು ಫೈಲಕ್ಕ ಹೇಳಿದಾಗ ಅವರು ಯೋಚಿಸಿ, “ಅದು ಅವರ ಮುಂದಾಲೋಚನೆಯ ಕೊರತೆ ಕಣಮ್ಮ,” ಎಂದರು.

ಹದಿನಾಲ್ಕನೇ ದಾಖಲೆಗಾಗಿ ಒಬ್ಬ ಹುಡುಗ ತನ್ನ ಊರಿಗೆ ನಿಜವಾಗಿಯೂ ವಾಪಸು ಹೋದ. ಕುಸಿದ ಹಾಸ್ಟೆಲಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡ. ಬರುವಾಗ ಚೆಕ್‌ಪೋಸ್ಟಿನಲ್ಲಿ, ಈ ಫೋಟೊ ಯಾರಿಗೆ ಎಂದು ಹಿಡಿದು ಕೂರಿಸಿದರು. ಎರಡು ತಿಂಗಳಾದರೂ ಅವನು ಬರಲಿಲ್ಲ. ಅವನ ಫೈಲಿನ ಮೇಲೆ ಟಿಕ್ಕು ‘ಅಭ್ಯರ್ಥಿ ಲಭ್ಯವಿಲ್ಲ’ ಎಂದು ಬರೆದು ದಾರ ಕಟ್ಟಿದರು. ಫೈಲಕ್ಕ ಮಾತ್ರ ದಿನವೂ ಗಾಜು ಒರೆಸುವಾಗ ಅವನ ಹೆಸರನ್ನು ಮೊದಲು ಹೇಳುತ್ತಿದ್ದಳು.

ಇಂಥ ಹೊತ್ತಿನಲ್ಲಿ ಬಂದವಳು ಜೇಡದ ಹುಡುಗಿ.

ನದಿಯಾಚೆಯ ಊರಿನವಳು, ಜೇಡಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಅವಳ ಪ್ರಯೋಗಾಲಯದಲ್ಲಿ ನಾನೂರು ಜೇಡಗಳಿದ್ದವಂತೆ. ಛಾವಣಿ ಬಿದ್ದ ದಿನ ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆದು ಅವನ್ನೆಲ್ಲ ಬಿಟ್ಟು ಬಂದಳಂತೆ. “ಅವಕ್ಕೆ ಪಾಸ್‌ಪೋರ್ಟು ಬೇಡವಲ್ಲಕ್ಕಾ,” ಎಂದಳು. ತಂದದ್ದು ಒಂದು ಭುಜದ ಚೀಲ, ಅದರಲ್ಲಿ ಪದವಿ ಪತ್ರ, ಒಂದು ಭೂತಗನ್ನಡಿ. ಹೊರದೇಶದ ಒಂದು ವಿಶ್ವವಿದ್ಯಾಲಯ ಅವಳ ಲೇಖನವೊಂದನ್ನು ಓದಿ, ಬಾ ಎಂದಿತ್ತು. ಆದರೆ ಸಮಿತಿಯ ಶಿಫಾರಸು ಪತ್ರ ಶುಕ್ರವಾರ ಸಂಜೆ ಐದರೊಳಗೆ ತಲುಪಬೇಕು. ಇಲ್ಲದಿದ್ದರೆ ಸ್ಥಾನ ಮುಂದಿನವರಿಗೆ.

ಫೈಲಕ್ಕ ಹದಿಮೂರು ದಾಖಲೆಗಳನ್ನು ಬುಧವಾರ ಮಧ್ಯಾಹ್ನದ ಹೊತ್ತಿಗೆ ಹೊಂದಿಸಿದಳು. ಟಿಕ್ಕು ಹದಿಮೂರು ಸಲ ಪೆನ್ನು ಆಡಿಸಿ, ಹದಿನಾಲ್ಕರ ಮುಂದೆ ನಿಲ್ಲಿಸಿದರು.

“ಫೋಟೊ?”

“ಅವಳ ಊರಿಗೆ ಯಾರನ್ನೂ ಬಿಡ್ತಿಲ್ಲ ಸಾರ್.”

“ಬಿಡ್ತಿಲ್ಲ ಅಂತ ಒಂದು ಪತ್ರ ತರಿಸಿ.”

“ಯಾರಿಂದ?”

“ಆ ಊರಿನ ಅಧಿಕಾರಿಗಳಿಂದ.”

“ಅವರೂ ಊರಲ್ಲಿಲ್ಲ ಸಾರ್. ಅವರ ಪೈಕಿ ಒಬ್ಬರು ನಮ್ಮ ಬೆಂಚ್ ಮೇಲೇ ಇದ್ದಾರೆ.”

ಟಿಕ್ಕು ಬೆಂಚಿನ ಕಡೆ ನೋಡಿ, “ಅವರ ಫೈಲಲ್ಲೂ ಫೋಟೊ ಇಲ್ಲ,” ಎಂದು ನಿಟ್ಟುಸಿರು ಬಿಟ್ಟರು.

ಇದನ್ನೆಲ್ಲ ಕೇಳಿಸಿಕೊಂಡ ಹುಡುಗಿ ಮೆಟ್ಟಿಲಿನ ಕೆಳಗೆ ಬಂದು ಮೇಜಿಗೆ ಒರಗಿ ನಿಂತಳು. “ಅಕ್ಕಾ, ನಾಳೆ ಬೆಳಿಗ್ಗೆ ಬಸ್ಸಿದೆ. ನದಿ ತನಕ ಹೋಗುತ್ತೆ. ಅಲ್ಲಿಂದ ಹೇಗೋ ದಾಟ್ತೀನಿ. ಒಂದು ಫೋಟೊ ತಾನೆ. ಶುಕ್ರವಾರ ಮಧ್ಯಾಹ್ನದೊಳಗೆ ಬರ್ತೀನಿ.”

ಫೈಲಕ್ಕ ಕೆಳಗೆ ನೋಡಿದಳು. ದಾರ ಕಟ್ಟಿದ ಆ ಫೈಲು ಅವಳ ಕಾಲ ಬಳಿಯೇ ಇತ್ತು.

“ನೀನು ಎಲ್ಲೂ ಹೋಗಲ್ಲ.”

“ಮತ್ತೆ?”

“ಮತ್ತೆ ಏನೂ ಇಲ್ಲ. ನಾಳೆ ಒಂಬತ್ತಕ್ಕೆ ಇಲ್ಲಿ ಬಾ. ಬಸ್‌ಸ್ಟ್ಯಾಂಡಿನ ಕಡೆ ತಲೆ ಹಾಕಿದೆ ಅಂತ ಗೊತ್ತಾದ್ರೆ ನಿನ್ನ ಪದವಿ ಪತ್ರ ಕೊಡಲ್ಲ ನಾನು.”

ಹೇಳಿದ್ದೇನೋ ಹೇಳಿದಳು. ದಾರಿ ಮಾತ್ರ ಕಾಣಲಿಲ್ಲ.

ಗುರುವಾರ ಹನ್ನೆರಡಾಯಿತು, ಒಂದಾಯಿತು. ಅಧ್ಯಕ್ಷರಿಗೆ ಫೋನು ಮಾಡಿದರೆ, ‘ನಿರಾಶ್ರಿತರ ಹತ್ತಿರ ಹೋಗಿ ನಿಲ್ಲುವುದು ಹೇಗೆ’ ಎಂಬ ವಿಚಾರ ಸಂಕಿರಣಕ್ಕೆಂದು ದೂರದ ಸಮುದ್ರ ತೀರದ ಹೋಟೆಲಿನಲ್ಲಿದ್ದಾರೆ ಎಂಬ ಉತ್ತರ ಬಂತು. ಊಟದ ಹೊತ್ತಿಗೆ ಹುಡುಗಿ ಬೆಂಚಿನ ಮೇಲಿರಲಿಲ್ಲ. ಫೈಲಕ್ಕ ಡಬ್ಬಿ ಮುಚ್ಚಿ ಗಾಬರಿಯಿಂದ ಹುಡುಕಿದಳು. ಗೇಟಿನ ಹತ್ತಿರ ಇಲ್ಲ, ನಲ್ಲಿಯ ಹತ್ತಿರ ಇಲ್ಲ. ಕೊನೆಗೆ ಹಿಂದಿನ ಬಾಗಿಲು ತೆಗೆದು ನೋಡಿದರೆ, ಕೆಡವಿದ ದಾಖಲೆ ಕೋಣೆಯ ಇಟ್ಟಿಗೆ ರಾಶಿಯ ಮೇಲೆ ಕುಕ್ಕರುಗಾಲಲ್ಲಿ ಕೂತು ಭೂತಗನ್ನಡಿ ಹಿಡಿದು ಏನನ್ನೋ ನೋಡುತ್ತಿದ್ದಳು.

“ಅಕ್ಕಾ, ಮೆಲ್ಲಗೆ ಬನ್ನಿ. ಇಲ್ಲೊಬ್ಬಳು ಮನೆ ಕಟ್ತಿದ್ದಾಳೆ.”

ಬಾಗಿದ ಕಿಟಕಿಯ ಚೌಕಟ್ಟಿನಲ್ಲಿ ಜೇಡವೊಂದು ನೂಲು ಎಳೆಯುತ್ತಿತ್ತು. ಹುಡುಗಿಯ ಮುಖದಲ್ಲಿ ಮೂರು ದಿನದಿಂದ ಇಲ್ಲದ ಬೆಳಕು. ಅವಳ ಹಿಂದೆ ಅರ್ಧ ಗೋಡೆ, ಬಾಯ್ದೆರೆದ ಬಾಗಿಲು, ಆಕಾಶಕ್ಕೆ ಕೈ ಚಾಚಿದ ಕಬ್ಬಿಣದ ಸರಳುಗಳು. ಫೈಲಕ್ಕ ನಿಂತಲ್ಲೇ ನಿಂತಳು. ದಿನಾ ಕಾಣುತ್ತಿದ್ದ ಹಿತ್ತಲನ್ನು ಅವಳು ಇದೇ ಮೊದಲ ಸಲ ನೋಡಿದಳು. ಪಟ್ಟಿಯ ಸಾಲು ನೆನಪಾಯಿತು. ಕುಸಿದ ಕಟ್ಟಡ. ಅಭ್ಯರ್ಥಿ. ಬಣ್ಣದ ಫೋಟೊ. ಯಾರ ಕಟ್ಟಡ, ಎಲ್ಲಿಯ ಕಟ್ಟಡ, ಯಾರು ಕೆಡವಿದ್ದು ಎಂದು ಅಲ್ಲಿ ಒಂದಕ್ಷರವೂ ಇರಲಿಲ್ಲ.

ಆದರೆ ಫೈಲಕ್ಕ ಸುಳ್ಳಿಗೆ ಹೆದರುವ ಹೆಂಗಸು. ಹೆದರಿಕೆ ಕೆಲಸ ಹೋದೀತೆಂದಲ್ಲ. ದಿನವೂ ಅಷ್ಟು ಹೆಸರುಗಳನ್ನು ಒಪ್ಪಿಸಿಕೊಳ್ಳುವವನ ಮುಂದೆ ನಾಳೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ ಎಂದು. ಅವಳು ಒಳಗೆ ಹೋಗಿ ಬೆಂಚಿನ ತುದಿಯಲ್ಲಿದ್ದ ಲೆಕ್ಕದ ಮೇಷ್ಟ್ರ ಪಕ್ಕ ಕೂತಳು.

ಲೆಕ್ಕದ ಮೇಷ್ಟ್ರು ಸರದಿಯಲ್ಲಿ ನಲವತ್ತೊಂದನೆಯವರು. ನಾಲ್ಕು ವರ್ಷದಿಂದ ಅದೇ ಜಾಗ. ವಯಸ್ಸು ಅರವತ್ತರ ಹತ್ತಿರ. ವಿಶ್ವವಿದ್ಯಾಲಯಗಳೆಲ್ಲ ವಯಸ್ಸು ನೋಡಿಯೇ ಕೈ ಮುಗಿಯುತ್ತಿದ್ದವು. ವಯಸ್ಸಿನ ಮಿತಿಯಿಲ್ಲದ ಸ್ಥಾನ ವರ್ಷಕ್ಕೆ ಒಂದೇ ಒಂದು. ಅದರ ಹೆಸರು ಅಧ್ಯಕ್ಷರ ವಿವೇಚನಾ ಸ್ಥಾನ. ಅಧ್ಯಕ್ಷರ ವಿವೇಚನೆ ಆವರೆಗೆ ಅವರ ಭಾವಮೈದುನನ ಮಗ, ಅವರ ಹಲ್ಲಿನ ಡಾಕ್ಟರ ಮಗಳು, ಇಂಥವರ ಮೇಲೆಯೇ ಬಿದ್ದಿತ್ತು. ಮೇಷ್ಟ್ರು ದಿನವೂ ಬಂದು, ಕಾರಿಡಾರಿನ ಗಡಿಯಾರ ಎರಡು ನಿಮಿಷ ಹಿಂದಿದ್ದರೆ ಸರಿ ಮಾಡಿ, ಸುಮ್ಮನೆ ಕೂರುತ್ತಿದ್ದರು.

“ಮೇಷ್ಟ್ರೇ, ಅವರು ಕೇಳಿದ್ದನ್ನಷ್ಟೇ ಕೊಟ್ಟು, ಕೇಳದೆ ಇದ್ದದ್ದನ್ನ ಹೇಳದೆ ಇದ್ರೆ ಅದು ಸುಳ್ಳಾ?”

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು. “ನಮ್ಮ ಪರೀಕ್ಷೆಗಳಲ್ಲಿ ಪ್ರಶ್ನೇನೇ ತಪ್ಪಾಗಿದ್ರೆ, ಉತ್ತರ ಬರೆಯೋಕೆ ಪ್ರಯತ್ನಪಟ್ಟವರಿಗೆಲ್ಲ ಪೂರ್ತಿ ಅಂಕ ಕೊಡ್ತಿದ್ವಿ ತಾಯಿ.”

“ಅದು ನಿಮ್ಮ ಪರೀಕ್ಷೆ. ನಾನು ಕೇಳ್ತಿರೋದು ಮೇಲಿನವನದ್ದು.”

“ಅವನು ತಪ್ಪು ಪ್ರಶ್ನೆ ಕೇಳಲ್ಲ. ಇದು ಅವನ ಪ್ರಶ್ನೆಪತ್ರಿಕೆ ಅಲ್ಲ, ಟಿಕ್ಕುದು.”

ಫೈಲಕ್ಕನಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಕಡೆಗೆ ತನಗೆ ತಾನೇ ಒಂದು ಕಟ್ಟುಪಾಡು ಹಾಕಿಕೊಂಡಳು: ಫೋಟೊದ ಹಿಂದೆ ನಿಜವನ್ನು ಬರೆಯುವುದು. ಕೇಳಿದವರಿಗೆ ಇದ್ದದ್ದು ಇದ್ದ ಹಾಗೆ ಹೇಳುವುದು. ಯಾರೂ ತಿರುಗಿಸಿ ನೋಡದಿದ್ದರೆ, ಯಾರೂ ಕೇಳದಿದ್ದರೆ, ಅದು ನೋಡದವರ ಪಾಲಿಗೆ.

ಹುಡುಗಿಯನ್ನು ಗೋಡೆಯ ಮುಂದೆ ನಿಲ್ಲಿಸಿದಳು. ಫೋಟೊ ತೆಗೆದವರು ಮೇಷ್ಟ್ರು. ಕೋನ, ದೂರ ಎಲ್ಲ ಲೆಕ್ಕ ಹಾಕಿ, ಎರಡು ಸಲ ಎಡಕ್ಕೆ ಸರಿದರು.

“ನಗಬೇಡ,” ಎಂದಳು ಫೈಲಕ್ಕ.

“ನಗ್ತಿಲ್ಲಕ್ಕಾ. ಅವಳ ಬಲೆ ಕಾಲಿಗೆ ಸಿಕ್ಕೀತು ಅಂತ ನೋಡ್ತಿದ್ದೀನಿ.”

ಹಾಗೆ ಬಂದ ಫೋಟೊ ಅದು. ಹುಡುಗಿ ತಲೆ ಬಾಗಿಸಿ ಕಾಲ ಬಳಿಯ ಭಗ್ನ ಕಿಟಕಿಯನ್ನು ನೋಡುತ್ತಿದ್ದಾಳೆ. ಮುಖದಲ್ಲಿ ಯಾವುದೋ ಜೀವವನ್ನು ಕಳೆದುಕೊಂಡೇನೆಂಬ ಆತಂಕ. ಬೀದಿ ಕೊನೆಯ ಅಂಗಡಿಯಲ್ಲಿ ಮೂರು ಪ್ರತಿ ಹಾಕಿಸಿ, ಮೂರರ ಹಿಂದೆಯೂ ಪೆನ್ಸಿಲಿನಲ್ಲಿ ದುಂಡಗೆ ಬರೆದಳು: ‘ಸ್ಥಳ: ಸಮಿತಿಯ ಹಿತ್ತಲು. ಕೆಡವಿದವರು: ಸಮಿತಿ.’ ಕೆಳಗೆ ಆ ದಿನದ ದಿನಾಂಕ.

ಶುಕ್ರವಾರ ಬೆಳಿಗ್ಗೆ ಟಿಕ್ಕು ಫೋಟೊ ಕೈಗೆತ್ತಿಕೊಂಡರು. ಫೈಲಕ್ಕ ಎದುರಿಗೇ ನಿಂತಳು. ಅವರು ಬಣ್ಣ ನೋಡಿದರು. ಮುಖ ಸ್ಪಷ್ಟವಿದೆಯೇ ನೋಡಿದರು. ಒಂದು, ಎರಡು, ಮೂರು ಎಂದು ಎಣಿಸಿದರು. ಪೆನ್ನು ಆಡಿಸಿದರು.

“ನೋಡಿದ್ರಾ? ಮನಸ್ಸಿದ್ರೆ ಎಲ್ಲಾ ಸಿಗುತ್ತೆ,” ಎಂದರು. ಫೋಟೊವನ್ನು ತಿರುಗಿಸಲಿಲ್ಲ. ಪಟ್ಟಿಯಲ್ಲಿ ತಿರುಗಿಸಿ ನೋಡು ಎಂದಿರಲಿಲ್ಲ. ಅವರು ಕೂತಿದ್ದ ಕುರ್ಚಿಯ ಹಿಂದಿನ ಕಿಟಕಿಯಲ್ಲಿ ಅದೇ ಗೋಡೆ, ಅದೇ ಸರಳುಗಳು ಬಿಸಿಲಿನಲ್ಲಿ ನಿಚ್ಚಳವಾಗಿ ಕಾಣುತ್ತಿದ್ದವು.

ಪತ್ರ ಮೂರೂವರೆಗೆ ಹೋಯಿತು. ನಾಲ್ಕೂ ಹತ್ತಕ್ಕೆ ಉತ್ತರ ಬಂತು. ಹನ್ನೆರಡನೆಯ ದಿನ ಹುಡುಗಿ ಹೊರಟಳು. ಹೊರಡುವ ಮುಂಚೆ ಭೂತಗನ್ನಡಿಯನ್ನು ಫೈಲಕ್ಕನ ಮೇಜಿನ ಮೇಲಿಟ್ಟಳು. “ಪಟ್ಟಿಗಳನ್ನ ಓದೋಕೆ ನಿಮಗೆ ಬೇಕಾಗುತ್ತೆ,” ಎಂದಳು. “ನಿನಗೆ ಬೇಡ್ವಾ?” “ಅಲ್ಲಿ ದೊಡ್ಡದು ಕೊಡ್ತಾರಂತೆ.”

ಇಲ್ಲಿಗೆ ಮುಗಿದಿದ್ದರೆ ಫೈಲಕ್ಕನಿಗೆ ನೆಮ್ಮದಿಯಾಗುತ್ತಿತ್ತು. ಆದರೆ ಅಧ್ಯಕ್ಷರು ಸಮುದ್ರ ತೀರದಿಂದ ಬಂದರು. ಪುಸ್ತಿಕೆಗಾಗಿ ತಂದಿಟ್ಟ ಚಿತ್ರಗಳಲ್ಲಿ ಅವರಿಗೆ ಆ ಫೋಟೊ ಕಂಡಿತು. ಅವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಕಣ್ಣು ತೆಗೆದಾಗ ಒದ್ದೆಯಾಗಿತ್ತು.

“ಎಂಥಾ ನಾಶ! ಎಂಥಾ ಜನ ಇವರು, ಒಂದು ವಿದ್ಯಾಸಂಸ್ಥೆಯನ್ನ ಹೀಗೆ ಮಾಡೋಕೆ ಕೈಯಾದ್ರೂ ಹೇಗೆ ಬಂತು? ಇದು ಯಾವ ಊರಮ್ಮ?”

ಕೇಳಿಯೇ ಬಿಟ್ಟರು. ಫೈಲಕ್ಕನಿಗೆ ತಾನು ಹಾಕಿಕೊಂಡ ಕಟ್ಟುಪಾಡು ನೆನಪಾಯಿತು.

“ನಮ್ಮ ಹಿತ್ತಲು ಸಾರ್. ಹಳೇ ದಾಖಲೆ ಕೋಣೆ. ನೀವೇ ಕೆಡವಿಸಿದ್ದು.”

ಅಧ್ಯಕ್ಷರು ಅವಳನ್ನೇ ನೋಡಿದರು. ಆಮೇಲೆ ಜೋರಾಗಿ ನಕ್ಕರು. ಟಿಕ್ಕು ಕೂಡ, ಅಧ್ಯಕ್ಷರು ನಕ್ಕ ಮೇಲೆ ನಗಲೇಬೇಕಲ್ಲ ಎಂದು ನಕ್ಕರು. “ಇಂಥ ಕಷ್ಟದ ಕೆಲಸದ ಮಧ್ಯೆಯೂ ತಮಾಷೆ ಮಾಡೋ ಮನಸ್ಸು ಇಟ್ಕೊಂಡಿದ್ದೀರಲ್ಲ, ಇದೇ ನಮ್ಮ ಸಮಿತಿಯ ಶಕ್ತಿ!”

“ತಮಾಷೆ ಅಲ್ಲ ಸಾರ್. ಹಿಂದೆ ತಿರುಗಿಸಿ ನೋಡಿ.”

“ನಾವು ಹಿಂದೆ ನೋಡೋರಲ್ಲಮ್ಮ, ಮುಂದೆ ನೋಡೋರು,” ಎಂದು ಅವರು ಫೋಟೊವನ್ನು ಮುಖಪುಟಕ್ಕೆಂದು ಎತ್ತಿಟ್ಟರು.

ಆರು ತಿಂಗಳ ಮೇಲೆ ಹೊಸ ಸಭಾಂಗಣದ ಉದ್ಘಾಟನೆ. ಇಟ್ಟಿಗೆ ರಾಶಿ ಇದ್ದ ಜಾಗದಲ್ಲಿ ಈಗ ಕೆಂಪು ಮೆತ್ತೆಯ ಮುನ್ನೂರು ಕುರ್ಚಿ. ವೇದಿಕೆಯ ಹಿಂದೆ ಆಳೆತ್ತರಕ್ಕೆ ಆ ಫೋಟೊ. ನದಿಯಾಚೆಯ ವಿಶ್ವವಿದ್ಯಾಲಯದ ಈ ಗೋಡೆ ನಮ್ಮ ಆತ್ಮಸಾಕ್ಷಿಯನ್ನು ಕುಟುಕಬೇಕು ಎಂದು ಅಧ್ಯಕ್ಷರು ಮುಕ್ಕಾಲು ಗಂಟೆ ಮಾತಾಡಿದರು. ಆ ಗೋಡೆ ನಿಂತಿದ್ದ ಜಾಗದ ಮೇಲೆಯೇ ಅವರ ಪಾದವಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ಮೇಷ್ಟ್ರು ದೂರ, ಕೋನ ನೋಡಿ, “ಸರಿಯಾಗಿ ಅಲ್ಲೇ ನಿಂತಿದ್ದಾರೆ, ಒಂದಡಿ ಆಚೆಈಚೆ ಇಲ್ಲ,” ಎಂದು ಪಿಸುಗುಟ್ಟಿದರು. ಫೈಲಕ್ಕ ನಗು ತಡೆಯಲು ಕೆಮ್ಮಿದಳು. ಪಕ್ಕದಲ್ಲಿದ್ದ ಮಗಳು, “ಏನಮ್ಮಾ?” ಎಂದಳು. ಸಮಾರಂಭ ನೋಡಬೇಕೆಂದು ಅವಳೂ ಬಂದಿದ್ದಳು.

ಚಹಾ ಬಿಸ್ಕತ್ತಿನ ಹೊತ್ತಿಗೆ ಅಧ್ಯಕ್ಷರು ತಾಯಿ ಮಗಳಿಬ್ಬರನ್ನೂ ಕೋಣೆಗೆ ಕರೆಸಿದರು. ಟಿಕ್ಕು ಪಟ್ಟಿ ಹಿಡಿದು ಪಕ್ಕದಲ್ಲಿ ನಿಂತಿದ್ದರು.

“ನೋಡಮ್ಮ, ಆ ಒಂದು ಫೋಟೊದಿಂದ ನಮ್ಮ ಹೆಸರು ಎಲ್ಲೆಲ್ಲೋ ಹೋಯ್ತು. ಇಪ್ಪತ್ತಾರು ವರ್ಷದಿಂದ ದುಡಿದಿದ್ದೀರಿ, ಒಂದು ದಿನ ಬಾಯಿ ಬಿಟ್ಟು ಏನೂ ಕೇಳಿಲ್ಲ. ಇವಳು ಮಗಳಲ್ವಾ? ಏನು ಓದಿದ್ದೀಯಮ್ಮ?”

“ಕೆಮಿಸ್ಟ್ರಿ ಸಾರ್,” ಎಂದಳು ಮಗಳು.

“ಈ ವರ್ಷದ ನನ್ನ ವಿವೇಚನಾ ಸ್ಥಾನ ಖಾಲಿ ಇದೆ. ಇವಳಿಗೆ ಕೊಟ್ಟುಬಿಡೋಣ.”

ಮಗಳ ಕೈ ಫೈಲಕ್ಕನ ಮೊಣಕೈಯನ್ನು ಗಟ್ಟಿಯಾಗಿ ಹಿಡಿಯಿತು.

“ಇವಳು ನಿರಾಶ್ರಿತೆ ಅಲ್ಲ ಸಾರ್,” ಎಂದಳು ಫೈಲಕ್ಕ.

“ಅದಕ್ಕೇನು! ನೀವು ಎರಡು ಸಲ ಬಾಡಿಗೆ ಮನೆ ಬದಲಾಯಿಸಿದ್ದೀರಿ ಅಂತ ಕಾರ್ಯದರ್ಶಿಗಳು ಹೇಳಿದ್ರು. ಅದೂ ಒಂದು ರೀತಿ ಸ್ಥಳಾಂತರವೇ.”

“ಮನಸ್ಸಿಗೆ ನೋವಾಗಿರುತ್ತೆ,” ಎಂದು ಟಿಕ್ಕು ಒತ್ತಾಸೆ ಕೊಟ್ಟರು. “ಹದಿಮೂರು ದಾಖಲೆ ನೀವೇ ಹೊಂದಿಸ್ತೀರಿ. ಹದಿನಾಲ್ಕನೇದು ಅಂದ್ರೆ, ಮುಂದಿನ ವಾರ ನಮ್ಮ ಹಳೇ ಗ್ಯಾರೇಜು ಕೆಡವಿಸ್ತಿದ್ದೀವಿ. ಅದರ ಮುಂದೆ ನಿಲ್ಲಿಸಿದ್ರಾಯ್ತು. ನಿಮಗೇನು ಹೊಸದಾ?”

ಫೈಲಕ್ಕ ತಲೆಯೆತ್ತಿ ಟಿಕ್ಕುವನ್ನು ನೋಡಿದಳು. ಅಂದರೆ ಅವರು ಫೋಟೊ ತಿರುಗಿಸಿ ನೋಡಿದ್ದರು. ಎಂದೋ ನೋಡಿ, ಪಟ್ಟಿಯಲ್ಲಿ ಟಿಕ್ಕು ಬಿದ್ದಾಗಿದೆಯಲ್ಲ ಎಂದು ಸುಮ್ಮನಿದ್ದರು. ಅವರ ಮುಖದಲ್ಲಿ ಕಪಟವಿರಲಿಲ್ಲ. ಉಪಕಾರ ಮಾಡುತ್ತಿರುವ ಸಂತೋಷವಿತ್ತು.

ಇದು ಅಧ್ಯಕ್ಷರಿಗೂ ಹೊಸದೆನಿಸಿದಂತೆ ಕಾಣಲಿಲ್ಲ; ಅವರು ಅರ್ಜಿ ಮುಂದಕ್ಕೆ ತಳ್ಳಿದರು. ಮೇಲ್ಗಡೆ ಆಗಲೇ ಸಹಿ ಬಿದ್ದಿತ್ತು. ಹೆಸರಿನ ಜಾಗ ಮಾತ್ರ ಖಾಲಿ. ಮಗಳು ಉಸಿರಾಡುವುದು ಕೇಳಿಸುತ್ತಿತ್ತು. ಇವಳು ಪುಟ್ಟವಳಿದ್ದಾಗ ಆ ಪುಸ್ತಿಕೆಗಳ ಚಿತ್ರ ತೋರಿಸಿ ಅನ್ನ ತಿನ್ನಿಸಿದ್ದವಳು ತಾನೇ ಎಂಬುದು ಫೈಲಕ್ಕನಿಗೆ ನೆನಪಾಯಿತು. ಬಾಗಿಲಿನಾಚೆ ಕಾರಿಡಾರಿನಲ್ಲಿ ಮೇಷ್ಟ್ರು ಕುರ್ಚಿಯ ಮೇಲೆ ಹತ್ತಿ ನಿಂತು ಗಡಿಯಾರದ ಮುಳ್ಳನ್ನು ಎರಡು ನಿಮಿಷ ಮುಂದಕ್ಕೆ ತಿರುಗಿಸುತ್ತಿದ್ದರು.

“ಬೇಡ ಸಾರ್,” ಎಂದಳು.

“ಅಮ್ಮಾ!” ಎಂದಳು ಮಗಳು.

“ಬೇಡ ಕಣೇ. ನಮ್ಮನೆ ಬಿದ್ದಿಲ್ಲ. ನಿನ್ನ ಅಜ್ಜಿ ಈಗಲೂ ಅದರೊಳಗೆ ಕೂತು ನನ್ನನ್ನ ಬೈತಿದ್ದಾರೆ.” ಮಗಳ ಕೈಯನ್ನು ಬಿಡಿಸಲಿಲ್ಲ, ಅದರ ಮೇಲೆ ತನ್ನ ಕೈ ಇಟ್ಟಳು. “ನಿನಗೆ ಸಾಧಾರಣ ಅರ್ಜಿ ಹಾಕೋಣ. ಎಲ್ಲರೂ ಹಾಕೋ ಥರ. ಎಷ್ಟು ಸಲ ಬೇಕಾದ್ರೂ ನಾನು ಬರೆದುಕೊಡ್ತೀನಿ.”

ಅಧ್ಯಕ್ಷರ ಮುಖ ಚಿಕ್ಕದಾಯಿತು. “ಯೋಚನೆ ಮಾಡಿ ಹೇಳಿ. ಇಂಥದ್ದು ಎರಡನೇ ಸಲ ಬರಲ್ಲ. ಅವತ್ತು ಆ ಹುಡುಗಿಗೆ ಮಾಡಿದ್ದು ಇವತ್ತು ನಿಮ್ಮ ಮಗಳಿಗೆ ಮಾಡಿದ್ರೆ ತಪ್ಪಾ?”

“ಆ ಹುಡುಗಿ ಎಲ್ಲಿ ನಿಂತರೂ ಅವಳ ಹಿಂದೆ ಬಿದ್ದ ಮನೆ ಇತ್ತು ಸಾರ್. ಗೋಡೆ ಒಂದು ನಮ್ಮದು. ಅಷ್ಟನ್ನ ದೇವರು ಹೊಟ್ಟೆಗೆ ಹಾಕ್ಕೊಂಡಾನು ಅಂತ ನಂಬಿದ್ದೀನಿ. ಇವಳಿಗೆ ಗ್ಯಾರೇಜಿನ ಮುಂದೆ ನಿಂತು ಅಳು ಅಂತ ನಾನು ಹೇಳಲಾರೆ.” ಫೈಲಕ್ಕ ಸಹಿಯಾದ ಅರ್ಜಿಯನ್ನು ಎರಡು ಬೆರಳಲ್ಲಿ ಅವರ ಕಡೆಗೇ ಸರಿಸಿದಳು. “ಇದರಲ್ಲಿ ಹೆಸರಿನ ಜಾಗ ಖಾಲಿ ಇದೆ. ನಲವತ್ತೊಂದನೇ ನಂಬರಿನವರು ಹೊರಗೆ ಗಡಿಯಾರ ಸರಿ ಮಾಡ್ತಿದ್ದಾರೆ, ಕರೀಲಾ?”

ಅಧ್ಯಕ್ಷರು ಪೆನ್ನಿನ ಮುಚ್ಚಳ ಹಾಕಿ, ಏನಾದರೂ ಕೊಡಲೇಬೇಕೆಂಬ ಹಟಕ್ಕೆ ಬಿದ್ದವರಂತೆ, “ಮಳೆ ಬರೋ ಹಾಗಿದೆ. ಮನೆ ತನಕ ನನ್ನ ಕಾರಲ್ಲಾದ್ರೂ ಬಿಡಿಸ್ತೀನಿ,” ಎಂದರು.

“ಬೇಡ ಸಾರ್,” ಎಂದಳು ಫೈಲಕ್ಕ. “ಐದೂಮುಕ್ಕಾಲಿಗೆ ಬಸ್ಸಿದೆ.”